ಹುಳುವಿಗೂ ಒಂದು ಕಡಲಿತ್ತು

ಅಕ್ರೊಪೊರಾ ಎಂಬ ಹವಳವನ್ನು ತಿಂದು ಬದುಕುವ ಒಂದು ಚಪ್ಪಟೆ ಹುಳು ಇದೆ. ಅದನ್ನು ಮೊದಲು ಪತ್ತೆ ಹಚ್ಚಿದವರು ಮನೆಯ ಹಜಾರದಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಹವಳ ಬೆಳೆಸುವ ಹವ್ಯಾಸಿಗಳು. ಸಾಕಿದ ಹವಳ ಬುಡದಿಂದ ಮೇಲಕ್ಕೆ ಬಣ್ಣ ಕಳೆದುಕೊಂಡು ಸಾಯುತ್ತಿದ್ದುದನ್ನು ನೋಡಿ, ನೀರು ಪರೀಕ್ಷಿಸಿ, ಬೆಳಕು ಬದಲಿಸಿ, ಏನೂ ಫಲ ಸಿಗದೆ, ಕೊನೆಗೆ ಕೊಂಬೆಯ ಮೈಗೆ ಕಾಣದಂತೆ ಅಂಟಿಕೊಂಡಿದ್ದ ಹುಳುವನ್ನು ಅವರು ಹಿಡಿದರು. ವರ್ಷಗಟ್ಟಲೆ ಅದಕ್ಕೆ ಶಾಸ್ತ್ರೀಯ ಹೆಸರೇ ಇರಲಿಲ್ಲ. 2011ರಲ್ಲಿ ಅಮಕುಸಪ್ಲಾನಾ ಅಕ್ರೊಪೊರೆ ಎಂದು ಹೆಸರಿಟ್ಟರು. ಈಚೆಗೆ ಅದನ್ನು ಪ್ರೊಸ್ಥಿಯೊಸ್ಟೋಮಮ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಹೆಸರು ಬಂದ ಮರುವರ್ಷ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದ ಬಳಿ ಅದೇ ಹುಳು ಸಿಕ್ಕ ವರದಿ ಪ್ರಕಟವಾಯಿತು. ತೆರೆದ ಕಡಲಿನಲ್ಲಿ ಅದನ್ನು ಗುರುತಿಸಿದ್ದು ಅದೇ ಮೊದಲು.

ಈ ಕ್ರಮ ನನ್ನನ್ನು ಯೋಚನೆಗೆ ಹಚ್ಚಿದೆ. ಲಿಜರ್ಡ್ ದ್ವೀಪದಲ್ಲಿ 1973ರಿಂದ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಹವಳವನ್ನು ದಶಕಗಳ ಕಾಲ ಹತ್ತಿರದಿಂದ ನೋಡಿದವರಿದ್ದಾರೆ. ಅವರ ಕಣ್ಣಿಗೂ ಬೀಳದೆ ಬದುಕುತ್ತಿದ್ದ ಜೀವಿ ಗಾಜಿನ ತೊಟ್ಟಿಗೆ ಬಂದದ್ದೇ ತಡ, ಅಲ್ಲಿರುವ ಅಕ್ರೊಪೊರಾಗಳನ್ನೆಲ್ಲ ತಿಂದು ಮುಗಿಸಬಲ್ಲ ಮಾರಿಯಾಯಿತು. ಹುಳು ಅದೇ. ಹವಳವೂ ಅದೇ. ಆದರೆ ಕಡಲಿನಲ್ಲಿ ಅವೆರಡರ ನಡುವೆ ಇದ್ದ ಮೂರನೆಯವರು, ನಾಲ್ಕನೆಯವರು ತೊಟ್ಟಿಯಲ್ಲಿಲ್ಲ. ಕೊಂಬೆ ಕೊಂಬೆ ಹುಡುಕಿ ಹುಳು ಹೆಕ್ಕುವ ಮೀನಿಲ್ಲ, ಮೊಟ್ಟೆ ಕೆದಕಿ ತಿನ್ನುವ ಸಿಗಡಿಯಿಲ್ಲ, ಮರಿಯನ್ನು ಹೊತ್ತು ದೂರ ಒಯ್ಯುವ ಪ್ರವಾಹವಿಲ್ಲ. ಒಂದು ಹವಳದಿಂದ ಇನ್ನೊಂದಕ್ಕೆ ಗೇಣು ಅಂತರ. ಹಾಗಿರುವಾಗ ನಾವು ಔಷಧ ಹಾಕಿ ಗುಣಪಡಿಸುವುದು ಯಾವುದನ್ನು? ಹವಳದ ರೋಗವನ್ನೋ, ತೊಟ್ಟಿಯ ಕೊರತೆಯನ್ನೋ?

ಹವಳವೆಂದರೆ ನಮ್ಮಲ್ಲಿ ಬಹುತೇಕರಿಗೆ ಸರದಲ್ಲಿ ಪೋಣಿಸುವ, ಕುಜನಿಗಾಗಿ ಉಂಗುರದಲ್ಲಿ ಕೂರಿಸುವ ಕೆಂಪು ಮಣಿ. ಅದು ಬೇರೊಂದು ಬಗೆಯ ಹವಳದ ಅಸ್ಥಿ. ಅಕ್ರೊಪೊರಾ ಬೆಳೆಯುವುದು ಬಿಸಿಲು ತಲುಪುವ ನೀರಿನಲ್ಲಿ, ಕವಲು ಕವಲಾಗಿ. ಕೊಂಬೆಯ ಮೈತುಂಬ ಸಣ್ಣ ಗೂಡುಗಳು, ಗೂಡಿಗೊಂದು ಪಾಲಿಪ್ ಎಂಬ ಪುಟ್ಟ ಜೀವಿ, ಎಲ್ಲವನ್ನೂ ಕೂಡಿಸುವ ತೆಳು ಚರ್ಮ ಒಂದೇ. ಆ ಚರ್ಮದ ಕೋಶಗಳೊಳಗೆ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡಿದೆ. ಬೆಳಕಿನಿಂದ ಅದು ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ. ಸುಣ್ಣದ ಅಸ್ಥಿ ಕಲ್ಲು, ಒಳಗಿನ ಪಾಚಿ ಸಸ್ಯಕ್ಕೆ ಹತ್ತಿರ, ಹೊದ್ದ ಮೈ ಪ್ರಾಣಿ. ಇಂಥ ಜೀವವನ್ನು ಮನೆಯಲ್ಲಿ ಸಾಕುವುದೆಂದರೆ ಕಡಲನ್ನೇ ಸಾಕಬೇಕು. ಲೀಟರಿಗೆ 35 ಗ್ರಾಂ ಆಸುಪಾಸಿನ ಉಪ್ಪು, 25-26 ಡಿಗ್ರಿ ಶಾಖ, ನೀರಿನಲ್ಲಿ ಕ್ಯಾಲ್ಸಿಯಂ ಇಷ್ಟು, ಕ್ಷಾರ ಇಷ್ಟು ಎಂದು ದಿನವೂ ಅಳೆಯುವ ಕೆಲಸ. ಇಷ್ಟೆಲ್ಲ ಅಳೆದವರಿಗೂ ಹುಳುವನ್ನು ಅಳೆಯುವ ಕಡ್ಡಿಯೊಂದು ಸಿಕ್ಕಿಲ್ಲ. ಅದನ್ನು ಕಣ್ಣಿನಿಂದಲೇ ಹುಡುಕಬೇಕು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನನ್ನ ಅಣ್ಣನ ಮಗ ಇಂಥದೊಂದು ತೊಟ್ಟಿ ಇಟ್ಟುಕೊಂಡಿದ್ದಾನೆ. ಅವನ ಮನೆಯಲ್ಲಿದ್ದಾಗ ಒಂದು ಸಂಜೆ, "ಚಿಕ್ಕಪ್ಪ, ಇಲ್ಲಿ ಬನ್ನಿ. ಈ ಕೊಂಬೆಯಲ್ಲಿ ಏನಾದ್ರೂ ಕಾಣುತ್ತಾ ಹೇಳಿ," ಎಂದು ಕರೆದ. ಕನ್ನಡಕ ಒರೆಸಿಕೊಂಡು ನೋಡಿದೆ. ಹಸಿರು ಮಿಶ್ರಿತ ನೀಲಿ ಕೊಂಬೆ, ಬುಡದ ಕಡೆ ಮಸುಕಾದ ಸಣ್ಣ ಸಣ್ಣ ದುಂಡು ಕಲೆಗಳು, ಅಷ್ಟೆ. ಅವನು ಅಡಿಗೆಗೆ ಬಳಸುವ, ರಬ್ಬರ್ ಬುರುಡೆಯಿರುವ ಉದ್ದ ಪಿಚಕಾರಿ ತಂದು ಕಲೆಗಳ ಮೇಲೆ ಜೋರಾಗಿ ನೀರು ಹಾಯಿಸಿದ. ಕೊಂಬೆಯ ಬಣ್ಣದಲ್ಲೇ ಒಂದು ಚೂರು ಎದ್ದು ಬಂತು. ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಕಾಗದಕ್ಕಿಂತ ತೆಳ್ಳಗೆ. ನೀರಿನಲ್ಲಿ ಅಂಚು ಮಡಚಿ ಬಿಚ್ಚಿ, ಮತ್ತೊಂದು ಕೊಂಬೆಗೆ ತಾಗಿದ್ದೇ ತಡ, ಅಲ್ಲಿ ಹರಡಿಕೊಂಡು ಮಾಯವಾಯಿತು. ಎಲ್ಲಿ ಕೂತಿದೆ ಎಂದು ಗೊತ್ತಿದ್ದೂ ನನಗೆ ಮತ್ತೆ ಅದನ್ನು ಹುಡುಕಲು ಆಗಲಿಲ್ಲ. ಕಲೆಗಳು ಅದು ಕಚ್ಚಿ ತಿಂದ ಜಾಗಗಳು.

ಈ ಮಾಯೆಯ ಬಗೆಯನ್ನು ಬ್ರಿಟನ್ನಿನ ಸಂಶೋಧಕರು 2014ರಲ್ಲಿ ವಿವರಿಸಿದ್ದಾರೆ. ಹವಳದ ಚರ್ಮಕ್ಕೆ ಹೊಳಪು ಕೊಡುವ ಬಣ್ಣದ ಪ್ರೋಟೀನುಗಳನ್ನೂ ಅದರೊಳಗಿನ ಪಾಚಿಯನ್ನೂ ಹುಳು ತಿಂದು ತನ್ನ ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಯಾವ ಹವಳವನ್ನು ತಿನ್ನುತ್ತದೋ ಅದರ ಬಣ್ಣವನ್ನೇ ಉಟ್ಟು ಅದರ ಮೇಲೆ ಕೂರುತ್ತದೆ. ಆದ್ದರಿಂದ ಸುಂದರವಾದ ಹವಳವನ್ನು ಕುರೂಪಿ ಹುಳುವಿನಿಂದ ಕಾಪಾಡುತ್ತಿದ್ದೇವೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ನೀಲಿ ಬೆಳಕಿನಡಿ ಎರಡೂ ಒಂದೇ ಹಸಿರಿನಲ್ಲಿ ಹೊಳೆಯುತ್ತವೆ. ಅಂದದ ಕಾರಣಕ್ಕೆ ಒಂದನ್ನು ಉಳಿಸಿ ಒಂದನ್ನು ಕೊಲ್ಲುವುದಾದರೆ ಆ ಕಾರಣ ಇಲ್ಲಿಗೇ ಬಿದ್ದುಹೋಗುತ್ತದೆ.

ಚಿಕಿತ್ಸೆಯ ದಿನ ಅಣ್ಣನ ಮಗನ ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಗಿತ್ತು. ಸಾಲಾಗಿ ಮೂರು ಬಕೆಟ್‌ಗಳಲ್ಲಿ ತೊಟ್ಟಿಯದೇ ನೀರು. ಮೊದಲನೆಯದರಲ್ಲಿ ಔಷಧ, ಉಳಿದೆರಡು ತೊಳೆಯುವುದಕ್ಕೆ. ಔಷಧದಲ್ಲಿ ಅದ್ದಿ ತೆಗೆಯುವ ಈ ಕ್ರಮಕ್ಕೆ ಹವ್ಯಾಸಿಗಳು ಡಿಪ್ ಎನ್ನುತ್ತಾರೆ. ಅಯೋಡಿನ್ ಬಳಸುವವರಿದ್ದಾರೆ, ಪೈನ್ ಎಣ್ಣೆಯ ದ್ರಾವಣ ಬಳಸುವವರಿದ್ದಾರೆ, ಕುರಿ ಮೇಕೆಗಳಿಗೆ ಜಂತುಹುಳುವಿನ ಔಷಧವಾಗಿ ಕೊಡುವ ಲೆವಮಿಸೋಲನ್ನು ಬಳಸುವವರೂ ಇದ್ದಾರೆ. ಕೊಂಬೆಯನ್ನು ಅದ್ದಿ ಪಿಚಕಾರಿಯಿಂದ ನೀರು ಹಾಯಿಸುತ್ತಾ ಹೋದರೆ ಹುಳುಗಳು ಕಳಚಿ ಬಕೆಟ್ಟಿನ ತಳಕ್ಕೆ ಇಳಿಯುತ್ತವೆ. ಆರೋಗ್ಯವಾಗಿ ಕಂಡ ಒಂದೇ ಹವಳದಿಂದ ಅಷ್ಟು ಹುಳು ಉದುರಿದ್ದನ್ನು ನೋಡಿ ನಾನು ಬೆರಗಾದೆ.

ಹುಳು ಹೋಯಿತು, ಸರಿ. ಮೊಟ್ಟೆ? ಹವಳವನ್ನು ತಲೆಕೆಳಗು ಮಾಡಿ ಅವನು ತೋರಿಸಿದ. ಚರ್ಮ ಸತ್ತು ಬರಿ ಅಸ್ಥಿ ಕಾಣುವ ಬುಡದಲ್ಲಿ, ಸಜೀವ ಭಾಗದ ಅಂಚಿಗೆ ಹತ್ತಿಕೊಂಡಂತೆ, ಜೇನುಬಣ್ಣದ ಸಣ್ಣ ಚುಕ್ಕೆಗಳ ಪಟ್ಟಿ. ಪ್ರತಿ ಚುಕ್ಕೆಯೂ ಮೊಟ್ಟೆಗಳ ಕೋಶ. ಮರಿಗೆ ಹುಟ್ಟಿದೊಡನೆ ಊಟ ಸಿಗಬೇಕು, ಆದರೆ ಹವಳದ ಕುಟುಕು ತಾಗಬಾರದು. ತಾಯಿ ಆರಿಸಿದ ಜಾಗ ಅಷ್ಟು ಕರಾರುವಾಕ್ಕಾಗಿದೆ. ಹುಳುವನ್ನು ಉದುರಿಸುವ ಯಾವ ಡಿಪ್ಪೂ ಈ ಕೋಶದೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಅದಕ್ಕೆ ಕೈಯೇ ಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷು, ಸಣ್ಣ ಬ್ಲೇಡು, ಮೂಳೆ ಕತ್ತರಿಸುವ ಇಕ್ಕಳ. ಕೆರೆದು ಕೆರೆದು ಸಾಲದೆ ಅವನು ಹಲವು ಕೊಂಬೆಗಳ ಸತ್ತ ಬುಡವನ್ನೇ ಕತ್ತರಿಸಿ ಬಿಸಾಡಿ, ಜೀವವಿರುವ ತುದಿಯನ್ನು ಹೊಸ ಬಿಲ್ಲೆಗೆ ಅಂಟಿಸಿದ.

ಮಾವಿನ ಮರಕ್ಕೆ ಬಂದಳಿಕೆ ಹತ್ತಿದಾಗ ನಮ್ಮ ಊರಿನಲ್ಲಿ ಮಾಡುವುದೂ ಇದನ್ನೇ. ಬಂದಳಿಕೆ ಬೇರಿಳಿಸಿದ್ದು ಮರದ ರಸನಾಳಕ್ಕೇ ಆದ್ದರಿಂದ ಅದಕ್ಕೆ ಹೊಡೆದ ವಿಷ ಮರಕ್ಕೂ ತಾಗೀತು ಎಂಬ ಹೆದರಿಕೆ. ಹಾಗಾಗಿ ಬೇರು ಹೊಕ್ಕ ಜಾಗಕ್ಕಿಂತ ಒಂದಿಷ್ಟು ಕೆಳಗೆ, ಒಳ್ಳೆಯ ಕೊಂಬೆಯನ್ನೂ ಸೇರಿಸಿಕೊಂಡು ಕಡಿಯಬೇಕು. ಇಂತಿಷ್ಟು ಕಳೆದುಕೊಳ್ಳಲು ಒಪ್ಪದವನಿಗೆ ಮರ ಉಳಿಯುವುದಿಲ್ಲ. ಹಕ್ಕಿ ಹಣ್ಣು ತಿಂದು ಬೀಜವನ್ನು ಮತ್ತೆ ಕೊಂಬೆಗೆ ಅಂಟಿಸಿಯೇ ತೀರುತ್ತದೆ, ಆದ್ದರಿಂದ ಒಂದು ಸಲದ ಕೆಲಸವೂ ಅಲ್ಲ.

ಹುಳುವಿನ ವಿಷಯದಲ್ಲಿ ಈ 'ಒಂದು ಸಲದ ಕೆಲಸವಲ್ಲ' ಎನ್ನುವುದಕ್ಕೆ ಲೆಕ್ಕವೂ ಇದೆ. ಆಸ್ಟ್ರೇಲಿಯಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 27 ಡಿಗ್ರಿ ಶಾಖದಲ್ಲಿ ಮೊಟ್ಟೆಯಿಂದ ಮತ್ತೆ ಮೊಟ್ಟೆಯಿಡುವವರೆಗಿನ ಒಂದು ಸುತ್ತಿಗೆ ಸುಮಾರು 38 ದಿನ ಬೇಕು. ನೀರು ಬೆಚ್ಚಗಾದರೆ ಸುತ್ತು ಚುರುಕಾಗುತ್ತದೆ, ತಣ್ಣಗಾದರೆ ಎಳೆಯುತ್ತದೆ. ಹೊಸದಾಗಿ ಒಡೆದ ಮರಿ ಬೆಳೆದು ತಾನೂ ಮೊಟ್ಟೆಯಿಡುವ ಮೊದಲೇ ಮುಂದಿನ ಡಿಪ್ ಬೀಳಬೇಕು. ಹುಳು ಒಂದೂ ಕಾಣದ ವಾರದಲ್ಲೂ ಅದ್ದಬೇಕು. ಹವಳ ಚೇತರಿಸಿಕೊಂಡು ಪಾಲಿಪ್‌ಗಳು ಅರಳಿ ನಿಂತಾಗಲೂ ಅದನ್ನು ಮತ್ತೆ ಕಿತ್ತು ಔಷಧಕ್ಕೆ ಹಾಕಬೇಕು. ಈ ಚಿಕಿತ್ಸೆಯಲ್ಲಿ ನನಗೆ ಬಹಳ ದೊಡ್ಡದೆನಿಸಿದ್ದು ಇದೇ. ಕಣ್ಣೆದುರಿನ ಹುಳುವನ್ನು ಕೊಲ್ಲಲು ಸಿಟ್ಟು ಸಾಕು; ಇನ್ನೂ ಹುಟ್ಟದ ಹುಳುವಿಗಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯಲು ಸಿಟ್ಟು ಉಪಯೋಗಕ್ಕೆ ಬರುವುದಿಲ್ಲ. ಮೊದಲ ವಾರದ ರೋಷದಲ್ಲಿ ಶುರು ಮಾಡಿದವರು ಮೂರನೆಯ ವಾರಕ್ಕೆ ಕೈಬಿಡುತ್ತಾರೆ ಎಂದು ಅಣ್ಣನ ಮಗನೇ ಹೇಳಿದ. ಕಡೆಯವರೆಗೆ ಮಾಡುವವರು ಹುಳುವಿನ ಬದುಕನ್ನು ಕಲಿತವರು: ಅದು ಎಲ್ಲಿ ಮೊಟ್ಟೆಯಿಡುತ್ತದೆ, ಎಷ್ಟು ದಿನಕ್ಕೆ ಒಡೆಯುತ್ತದೆ, ಎಷ್ಟು ದಿನ ಹಸಿದಿರಬಲ್ಲದು. ಕೊಲ್ಲಬೇಕಾದ ಜೀವಿಯನ್ನು ಇಷ್ಟು ಹತ್ತಿರದಿಂದ ಬಲ್ಲವನಿಗೆ ಅದರ ಮೇಲೆ ದ್ವೇಷ ಉಳಿಯುವುದು ಕಷ್ಟ.

ಔಷಧಕ್ಕಾದರೋ ಈ ತಿಳಿವಿಲ್ಲ. ಅಕ್ರೊಪೊರಾಕ್ಕೆ ಹತ್ತುವ ಇನ್ನೊಂದು ಜೀವಿಯ ಕತೆ ಅದನ್ನು ಚೆನ್ನಾಗಿ ತೋರಿಸುತ್ತದೆ. ಟೆಗಾಸ್ಟಿಸ್ ಅಕ್ರೊಪೊರೇನಸ್ ಎಂಬ ಇದು ಸಿಗಡಿ ಏಡಿಗಳ ದೂರದ ಸಂಬಂಧಿ, ಅರ್ಧ ಮಿಲಿಮೀಟರಿನಷ್ಟು ಹಳದಿ ಮೈ, ಒಂದು ಕೆಂಪು ಚುಕ್ಕೆ. ಇದನ್ನು ಕಡಲಿನ ಹವಳದಿಂದಲೇ ಗುರುತಿಸಿ 1981ರಲ್ಲಿ ಹೆಸರಿಟ್ಟಿದ್ದರು. ಹವ್ಯಾಸಿಗಳು ಕರೆಯುವುದು ರೆಡ್ ಬಗ್ ಎಂದು. ಇದು ಹತ್ತಿದ ಹವಳದ ಬಣ್ಣ ಕಂದುತ್ತದೆ, ಪಾಲಿಪ್ ಮುದುಡುತ್ತದೆ. ಇದಕ್ಕೆ ಮದ್ದು ಸಿಕ್ಕಿದ್ದು ನಾಯಿಗಳ ಔಷಧದಲ್ಲಿ. ನಾಯಿಯ ಹೃದಯಕ್ಕೆ ಸೇರುವ ಹುಳುವನ್ನು ತಡೆಯಲು ಕೊಡುವ ಮಿಲ್ಬೆಮೈಸಿನ್ ಎಂಬ ಮಾತ್ರೆಯನ್ನು ಪುಡಿ ಮಾಡಿ ತೊಟ್ಟಿಯ ನೀರಿಗೇ ಬೆರೆಸುತ್ತಾರೆ. ಆ ಔಷಧದ ಮೂಲ ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ವಸ್ತು. ಅಕಶೇರುಕಗಳ ನರ ಮತ್ತು ಸ್ನಾಯುಗಳಲ್ಲಿರುವ, ಬೆನ್ನುಮೂಳೆಯ ಪ್ರಾಣಿಗಳಲ್ಲಿಲ್ಲದ ಒಂದು ಬಾಗಿಲನ್ನು ಅದು ತೆರೆದಿಟ್ಟುಬಿಡುತ್ತದೆ, ಜೀವಿ ಮರಗಟ್ಟುತ್ತದೆ. ನಾಯಿ ಸುರಕ್ಷಿತ, ತೊಟ್ಟಿಯ ಮೀನು ಸುರಕ್ಷಿತ, ಹವಳವೂ ತಡೆದುಕೊಳ್ಳುತ್ತದೆ. ಆದರೆ ಏಡಿ, ಸಿಗಡಿ?

ಅಕ್ರೊಪೊರಾದ ಕವಲುಗಳ ಸಂದಿಯಲ್ಲಿ ಟೆಟ್ರಾಲಿಯಾ ಎಂಬ ಪುಟ್ಟ ಏಡಿ ಬದುಕುತ್ತದೆ. ಅದರ ಹತ್ತಿರದ ನೆಂಟ ಟ್ರಪೀಜಿಯಾ ಇರುವುದು ಪೊಸಿಲೊಪೊರಾ ಎಂಬ ಹವಳದಲ್ಲಿ. ಹವಳವನ್ನು ಹಾಸಿಕೊಂಡು ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನು ಹತ್ತಿರ ಬಂದರೆ ಟ್ರಪೀಜಿಯಾ ಅದರ ಕೊಳವೆಗಾಲುಗಳನ್ನು ಚಿವುಟಿ ಓಡಿಸುವುದನ್ನು ಪನಾಮಾದ ಕಡಲಲ್ಲಿ ಕೆಲಸ ಮಾಡಿದ ಪೀಟರ್ ಗ್ಲಿನ್ 1976ರಲ್ಲೇ ಬರೆದರು. ಹವಳದ ಮೇಲೆ ಕೂತ ಮಣ್ಣನ್ನು ಈ ಏಡಿಗಳು ಗುಡಿಸಿ ಹಾಕುತ್ತವೆ, ಅವನ್ನು ತೆಗೆದರೆ ಹವಳ ಸೊರಗುತ್ತದೆ ಎಂಬುದನ್ನು ಆಮೇಲಿನ ಪ್ರಯೋಗಗಳು ತೋರಿಸಿವೆ. ಮಿಲ್ಬೆಮೈಸಿನ್ ಬಿದ್ದ ನೀರಿನಲ್ಲಿ ಹವಳವನ್ನು ಹೀರುವ ಬಗ್ ಸಾಯುತ್ತದೆ, ಅದೇ ಗಂಟೆಯಲ್ಲಿ ಹವಳವನ್ನು ಕಾಯುವ ಏಡಿಯೂ ಸಾಯುತ್ತದೆ. ಎರಡರ ನರವೂ ಒಂದೇ ಬಗೆಯದು. ಕಾವಲು, ಕಳ್ಳತನ ಎಂಬ ಭೇದ ರಸಾಯನಕ್ಕೆ ತಿಳಿಯುವುದಿಲ್ಲ.

ತಿಳಿದ ಕೈ ಮಾತ್ರ ಆ ಭೇದವನ್ನು ಮಾಡಬಲ್ಲದು. ಒಂದು ಸಲ ಈ ಔಷಧ ಹಾಕಬೇಕಾಗಿ ಬಂದಾಗ ನನ್ನ ಅಣ್ಣನ ಮಗ ಮೊದಲು ಏಡಿಗಳನ್ನು ಹೊರಡಿಸಲು ಕೂತ. ಕೊಂಬೆಯನ್ನು ಕ್ಷಣಕಾಲ ನೀರಿನಿಂದ ಮೇಲೆತ್ತಿ, ಬಿದಿರು ಕಡ್ಡಿಯಿಂದ ಮೆಲ್ಲಗೆ ತಳ್ಳುತ್ತಾನೆ. ಏಡಿ ಇನ್ನೂ ಒಳಕ್ಕೆ ಸರಿದು ಕಡ್ಡಿಯನ್ನೇ ಹಿಡಿದು ಜಗ್ಗುತ್ತದೆ. ಅದರ ಪಾಲಿಗೆ ಇವನೇ ಹವಳಕ್ಕೆ ಬಂದ ಶತ್ರು. ಬಹಳ ಹೊತ್ತಿನ ಮೇಲೆ ಅದು ಬೇರೆ ಪಾತ್ರೆಗೆ ಇಳಿಯಿತು. ಹವಳದ ಲೋಳೆಯನ್ನೇ ತಿನ್ನುವ ಏಡಿಯನ್ನು ಹವಳವಿಲ್ಲದ ಪಾತ್ರೆಯಲ್ಲಿ ಎಷ್ಟು ದಿನ ಇಡುವುದು? ಹವಳದ ತುಂಡೊಂದನ್ನು ಜೊತೆಗೆ ಹಾಕಿದರೆ ಅದರೊಡನೆ ಬಗ್ ಕೂಡ ಬರುತ್ತದಲ್ಲ? ಔಷಧ ಹಾಕಿ ಶುದ್ಧವಾದ ತುಂಡನ್ನು ಚೆನ್ನಾಗಿ ತೊಳೆದು ಆಮೇಲೆ ಕೊಟ್ಟ. ಇಷ್ಟು ಯೋಚಿಸುವುದು ಒಂದು ಏಡಿಗಾಗಿ. ನನಗೆ ಇದು ಅತಿ ಅನಿಸಲಿಲ್ಲ. ವೈದ್ಯದ ಮರ್ಯಾದೆ ಇರುವುದೇ ಔಷಧ ಹಾಕುವ ಮುನ್ನ ಯಾರನ್ನು ಪಕ್ಕಕ್ಕಿಟ್ಟೆವು ಎಂಬುದರಲ್ಲಿ ಎಂದು ನಂಬಿದವನು ನಾನು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಪರಾವಲಂಬಿ ಎಂದು ನಾವು ಯಾವ ಆಧಾರದ ಮೇಲೆ ಕರೆಯುತ್ತೇವೆ? ಹವಳದೊಳಗಿನ ಪಾಚಿಯನ್ನೇ ತೆಗೆದುಕೊಳ್ಳಿ. ಶಾಲೆಯ ಪುಸ್ತಕದಲ್ಲಿ ಅದು ಸಹಜೀವನಕ್ಕೆ ಮಾದರಿ: ಹವಳ ಮನೆ ಕೊಡುತ್ತದೆ, ಪಾಚಿ ಊಟ ಕೊಡುತ್ತದೆ. ಆದರೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆ ಮುಖ ತೋರಿಸಿತು. ನೀರು ಬಿಸಿಯಾದಂತೆ ಪಾಚಿ ತಾನು ತಯಾರಿಸಿದ್ದನ್ನು ಹವಳಕ್ಕೆ ಕಡಿಮೆ ಕೊಟ್ಟು ತನಗೇ ಹೆಚ್ಚು ಇಟ್ಟುಕೊಳ್ಳುತ್ತದೆ. ಹವಳ ಬಿಳಿಚಿಕೊಳ್ಳುವ ಮೊದಲೇ ಸಂಬಂಧ ಪರಾವಲಂಬನೆಯ ಕಡೆ ವಾಲಿರುತ್ತದೆ. ಅದೇ ಪಾಚಿ, ಅದೇ ಮನೆ. ಬದಲಾದದ್ದು ಒಂದೆರಡು ಡಿಗ್ರಿ ಶಾಖ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. 2019ರಲ್ಲಿ ವಿಜ್ಞಾನಿಗಳು ಪ್ರಪಂಚದ ಬೇರೆ ಬೇರೆ ಕಡೆಯ ಹವಳಗಳಲ್ಲಿ, ಸುಮಾರು ನೂರಕ್ಕೆ 70ರಷ್ಟು ಹವಳಗಳಲ್ಲಿ, ಮಲೇರಿಯಾ ತರುವ ಪರಾವಲಂಬಿಯ ನೆಂಟನೊಂದನ್ನು ಕಂಡರು. ಅದಕ್ಕೆ ಕೊರಲಿಕೋಲಿಡ್ ಎಂದು ಹೆಸರು. ದ್ಯುತಿಸಂಶ್ಲೇಷಣೆ ಮಾಡದ ಈ ಜೀವಿಯಲ್ಲಿ ಹರಿತ್ತು ತಯಾರಿಸುವ ಜೀನುಗಳು ಉಳಿದುಕೊಂಡಿವೆ. ಅದು ಹವಳದ ಒಡಲೊಳಗಿನ ಕೋಶಗಳಲ್ಲಿದೆ, ಆರೋಗ್ಯವಂತ ಹವಳಗಳಲ್ಲೂ ಇದೆ. ಮಲೇರಿಯಾದ ಬಂಧು ಎಂದು ತಿಳಿದೊಡನೆ ಮದ್ದು ಹುಡುಕಲು ಹೊರಡುವುದು ನಮ್ಮ ಸ್ವಭಾವ. ಆದರೆ ಹತ್ತರಲ್ಲಿ ಏಳು ಮನೆಗಳಲ್ಲಿ ತಕರಾರಿಲ್ಲದೆ ವಾಸಿಸುವವನನ್ನು ಕಳ್ಳ ಎನ್ನುವುದಕ್ಕೆ ಕುಲ ಒಂದೇ ಸಾಕ್ಷಿಯಾದೀತೇ? ಪರಾವಲಂಬನೆ ಎನ್ನುವುದು ಜೀವಿಯ ಜಾತಕದಲ್ಲಿ ಬರೆದಿಟ್ಟ ಗುಣವಲ್ಲ ಎಂದು ನನಗೆ ದೃಢವಾದದ್ದು ಇಲ್ಲಿ. ಅದು ಎರಡು ಜೀವಗಳ ನಡುವಿನ ಲೇವಾದೇವಿಯ ಒಂದು ಸ್ಥಿತಿ. ಜಾಗ, ಶಾಖ, ಸುತ್ತಲಿನವರು ಬದಲಾದರೆ ಲೆಕ್ಕ ಅತ್ತಿತ್ತ ಆಗುತ್ತದೆ.

ಹಾಗಿದ್ದ ಮೇಲೆ ಹುಳುವನ್ನು ಕೊಲ್ಲಲು ನಮಗೆ ಅಧಿಕಾರ ಎಲ್ಲಿಂದ? ಕರ್ನಾಟಕದ ನೆಲದಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆ ಬಂದಾಗ ಜೈನರ ಕಡೆ ನೋಡದೆ ಇರುವುದು ಸಾಧ್ಯವಿಲ್ಲ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಜೀವಿಗಳನ್ನು ಇಂದ್ರಿಯಗಳ ಎಣಿಕೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಡುತ್ತದೆ. ಹುಳುವಿಗೆ ಎರಡು ಇಂದ್ರಿಯ, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಶ್ವೇತಾಂಬರರ ಉತ್ತರಾಧ್ಯಯನ ಸೂತ್ರ ಹವಳವನ್ನು ಮಣ್ಣು, ಕಲ್ಲು, ರತ್ನಗಳ ಜೊತೆ ಪೃಥ್ವೀಕಾಯದ ಜೀವಗಳಲ್ಲಿ ಎಣಿಸುತ್ತದೆ. ಅಂದರೆ ಸ್ಪರ್ಶ ಒಂದೇ ಇಂದ್ರಿಯ. ಹವಳದಲ್ಲಿ ಜೀವವಿದೆ ಎಂದು ಅಷ್ಟು ಹಿಂದೆ ಹೇಳಿದ್ದು ಸಣ್ಣ ಮಾತಲ್ಲ. ಆದರೆ ಆ ಮೆಟ್ಟಿಲಿನ ಪ್ರಕಾರ ಹುಳು ಹವಳಕ್ಕಿಂತ ಒಂದು ಮೇಲಿದೆ. ಇಂದಿನ ಜೀವಶಾಸ್ತ್ರವೂ ಒಂದು ರೀತಿಯಲ್ಲಿ ಅದನ್ನೇ ಹೇಳುತ್ತದೆ: ಹವಳಕ್ಕೆ ನರಗಳ ಬಲೆಯಿದೆ, ಮಿದುಳಿಲ್ಲ, ಈ ಚಪ್ಪಟೆ ಹುಳುವಿಗೆ ಪುಟ್ಟ ಮಿದುಳೂ ಕಣ್ಣಿನ ಚುಕ್ಕೆಗಳೂ ಇವೆ. ನೋವೆಂಬುದು ಇವೆರಡರಲ್ಲಿ ಒಂದಕ್ಕೆ ಇರುವುದಾದರೆ ಅದು ಹುಳುವಿಗೆ ಇರುವ ಸಾಧ್ಯತೆಯೇ ಹೆಚ್ಚು. ಒಂದಿಂದ್ರಿಯದ ಜೀವವನ್ನು ಉಳಿಸಲು ಎರಡಿಂದ್ರಿಯದ ನೂರಾರು ಜೀವಗಳನ್ನು ಬಕೆಟ್ಟಿಗೆ ಉದುರಿಸುವುದನ್ನು ಆ ದರ್ಶನ ಒಪ್ಪಲಾರದು. ಬಹುಶಃ ಅದು ಇನ್ನೂ ಹಿಂದಕ್ಕೆ ಹೋಗಿ, ಇಂಥ ಆಯ್ಕೆ ಬರುವಂಥ ತೊಟ್ಟಿಯನ್ನು ಕಟ್ಟಿದ್ದೇ ಏಕೆ ಎಂದು ಕೇಳುತ್ತದೆ.

ಕೇಳಬೇಕಾದ ಪ್ರಶ್ನೆಯೇ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಸುತ್ತ ನಮ್ಮದೇ ಕಡಲಿನ ಹವಳವಿದೆ. ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಹುಲಿಗಿರುವ ರಕ್ಷಣೆಯೇ ಅದಕ್ಕೂ. ಆ ಕಾನೂನನ್ನು ಓದುವಾಗ ನನಗೆ ಹೊಳೆದದ್ದು, ಹವಳವನ್ನು ಅದು ಇದ್ದ ಜಾಗದಲ್ಲೇ ಕಾಯ್ದರೆ ಅದನ್ನು ತಿನ್ನುವ ಹುಳುವಿಗೂ, ಅದರೊಳಗಿನ ಏಡಿಗೂ, ಹೆಸರಿಡದ ಇನ್ನೆಷ್ಟಕ್ಕೋ ರಕ್ಷಣೆ ತಾನಾಗಿ ಸಿಗುತ್ತದೆ. ಅಲ್ಲಿ ಯಾರನ್ನು ಉಳಿಸಬೇಕು ಎಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ಹವಳವನ್ನು ಕಿತ್ತು ಗಾಜಿನೊಳಗೆ ತಂದವನ ಮೇಲೆ ಆ ತೀರ್ಮಾನದ ಭಾರ ಬೀಳುತ್ತದೆ.

ಭಾರ ಬಿದ್ದ ಮೇಲೆ ಕೈಕಟ್ಟಿ ಕೂರುವುದು ಅಹಿಂಸೆಯಾಗುವುದಿಲ್ಲ ಎಂಬುದು ನನ್ನ ನಿಲುವು. ಈ ಹುಳು ಅಕ್ರೊಪೊರಾ ಬಿಟ್ಟು ಬೇರೇನನ್ನೂ ತಿಂದು ಬಾಳಲಾರದು. ಅಕ್ರೊಪೊರಾ ಇಲ್ಲದ ತೊಟ್ಟಿಯಲ್ಲಿ ಮರಿಗಳು ಹಸಿದು ಸಾಯುತ್ತವೆ, ಹವ್ಯಾಸಿಗಳು ಕೆಲವು ವಾರ ತೊಟ್ಟಿಯನ್ನು ಹವಳವಿಲ್ಲದೆ ಖಾಲಿ ಬಿಡುವುದು ಅದಕ್ಕೇ. ತೆರೆದ ಕಡಲಿನಲ್ಲಿ ಒಂದು ಕೊಂಬೆ ಮುಗಿದರೆ ಇನ್ನೊಂದಿದೆ. ಮುಚ್ಚಿದ ತೊಟ್ಟಿಯಲ್ಲಿ ಅದನ್ನು ಅದರ ಪಾಡಿಗೆ ಬಿಟ್ಟರೆ ಹವಳವೆಲ್ಲ ಮುಗಿಯುತ್ತದೆ, ಆಮೇಲೆ ಹುಳುವೂ ಮುಗಿಯುತ್ತದೆ. ಗೆಲ್ಲುವವರೇ ಇಲ್ಲದ ಆ ಕೊನೆಯನ್ನು ತಪ್ಪಿಸಲು ಒಬ್ಬರ ಪಕ್ಷ ಹಿಡಿಯಲೇಬೇಕು. ಹಿಡಿದವನು ಅದನ್ನು ಧರ್ಮಯುದ್ಧ ಎಂದುಕೊಳ್ಳಬಾರದು, ಅಷ್ಟೆ. ಹುಳುವನ್ನು ಆ ತೊಟ್ಟಿಗೆ ತಂದದ್ದೂ ನಾವೇ, ಹವಳದ ಜೊತೆಗೆ, ನಮಗೆ ಗೊತ್ತಿಲ್ಲದೆ.

ಕಡಲು ಕೊಡುತ್ತಿದ್ದ ಕಾವಲನ್ನು ಒಂದಿಷ್ಟಾದರೂ ಮರಳಿ ತರುವ ದಾರಿಯೂ ಇದೆ, ನನಗೆ ಅದೇ ಹೆಚ್ಚು ಪ್ರಿಯ. ಮೈಮೇಲೆ ಆರು ಗೆರೆಗಳಿರುವ ಒಂದು ಪುಟ್ಟ ರಾಸ್ ಮೀನು ಈ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ, ಪೆಪರ್‌ಮಿಂಟ್ ಸಿಗಡಿ ಹುಳುವಿನ ಜೊತೆಗೆ ಮೊಟ್ಟೆಯನ್ನೂ ತಿನ್ನುತ್ತದೆ ಎಂದು ಹುಳುವಿನ ಸುತ್ತನ್ನು ಲೆಕ್ಕ ಹಾಕಿದ ಆಸ್ಟ್ರೇಲಿಯಾದ ಅದೇ ತಂಡ ಪ್ರಯೋಗದಲ್ಲಿ ಕಂಡಿದೆ. ಪೂರ್ತಿ ನಿರ್ಮೂಲ ಇವುಗಳಿಂದ ಆಗದು, ಹತೋಟಿ ಆಗುತ್ತದೆ. ಹತೋಟಿ ಸಾಲದೇ? ಕಡಲು ಹುಳುವನ್ನು ಇಟ್ಟಿದ್ದದ್ದೂ ಹತೋಟಿಯಲ್ಲೇ. ತೊಟ್ಟಿಯಲ್ಲಿ ಕಳೆಯಂತೆ ಹಬ್ಬುವ ಐಪ್ಟೇಸಿಯಾ ಎಂಬ ಪ್ರಾಣಿಯನ್ನು ಮಾತ್ರ ತಿನ್ನುವ ಬರ್ಘಿಯಾ ಎಂಬ ಕಡಲ ಗೊಂಡೆಹುಳುವನ್ನೂ ಹೀಗೆಯೇ ಬಿಡುತ್ತಾರೆ. ಕಳೆ ಮುಗಿದ ದಿನದಿಂದ ಅದಕ್ಕೆ ಉಪವಾಸ. ಆದ್ದರಿಂದ ಕೆಲಸ ಮುಗಿಸಿದ ಬರ್ಘಿಯಾವನ್ನು ಕಳೆ ಇರುವ ಇನ್ನೊಬ್ಬರ ತೊಟ್ಟಿಗೆ ದಾಟಿಸುವ ಒಳ್ಳೆಯ ರೂಢಿ ಹವ್ಯಾಸಿಗಳಲ್ಲಿದೆ.

ಕೊನೆಗೆ ಉಳಿಯುವುದು ಬಕೆಟ್ಟಿನ ನೀರು. 2014ರ ಆ ಬ್ರಿಟಿಷ್ ಅಧ್ಯಯನದ ಮುಖ್ಯ ಆತಂಕವೇ ಇದು: ವ್ಯಾಪಾರದ ಹವಳದ ಜೊತೆ ಲೋಕ ಸುತ್ತಿದ ಹುಳು, ತಾನಿಲ್ಲದ ಕಡಲಿಗೆ ಇಳಿದರೆ? ಅದು ಬರಿಯ ಕಲ್ಪನೆಯಲ್ಲ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಲಯನ್‌ಫಿಶ್ 1985ರಲ್ಲಿ ಫ್ಲೋರಿಡಾದ ನೀರಿನಲ್ಲಿ ಕಾಣಿಸಿಕೊಂಡು ಕೆರಿಬಿಯನ್ ತುಂಬ ಹರಡಿತು; ಅದು ಅಲ್ಲಿಗೆ ಸೇರಿದ್ದು ಅಕ್ವೇರಿಯಂಗಳಿಂದಲೇ ಎಂಬುದು ಬಲವಾದ ಅಭಿಪ್ರಾಯ. ಕೆರಿಬಿಯನ್ನಿನ ಎರಡು ಅಕ್ರೊಪೊರಾ ಜಾತಿಗಳು ರೋಗಕ್ಕೂ ಶಾಖಕ್ಕೂ ಸಿಕ್ಕಿ ಕುಸಿದಿವೆ, ಅಮೆರಿಕ ಅವನ್ನು 2006ರಲ್ಲೇ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅವುಗಳ ಜೊತೆ ಈ ಹುಳು ಎಂದೂ ಬಾಳಿದ್ದಿಲ್ಲ. ನನ್ನ ಅಣ್ಣನ ಮಗ ಮೂರೂ ಬಕೆಟ್ಟಿಗೆ, ಕೆರೆದ ಮೊಟ್ಟೆ, ಕತ್ತರಿಸಿದ ಬುಡಗಳ ಸಮೇತ, ಬ್ಲೀಚ್ ಸುರಿದು ರಾತ್ರಿಯಿಡೀ ಬಿಟ್ಟ. "ಸತ್ತೇ ಹೋಗಿದ್ಯಲ್ಲೋ, ಮತ್ತ್ಯಾಕೆ?" ಎಂದೆ. "ಮೊಟ್ಟೆ ಸತ್ತಿದ್ಯೋ ಇಲ್ವೋ ನೋಡಿದ್ರೆ ಗೊತ್ತಾಗಲ್ಲ ಚಿಕ್ಕಪ್ಪ. ನನ್ನ ತೊಟ್ಟಿಯಲ್ಲಾದ್ರೆ ಡಿಪ್ ಮಾಡೋಕೆ ನಾನಿದೀನಿ," ಎಂದ. ಅವನ ಹವಳದ ತುಂಡು ಬೇಕೆಂದು ಕೇಳಿದ್ದ ಮಯಾಮಿಯ ಗೆಳೆಯನಿಗೆ, ಹುಳು ಇಲ್ಲವೆಂದು ಖಾತ್ರಿಯಾಗುವವರೆಗೆ ಏನನ್ನೂ ಕಳಿಸುವುದಿಲ್ಲವೆಂದು ಅದೇ ರಾತ್ರಿ ಫೋನ್ ಮಾಡಿ ತಿಳಿಸಿದ.